ಕಂಪ್ಯೂಟರ್‌ಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಸಿಗುವುದೇ?

ಆಲೂರು: ಮೊಬೈಲ್ ಫೋನಿನಲ್ಲಿ ಚೆಸ್ ಆಡುವ ಹುಡುಗ ಹುಡುಗಿಯರು ಈಗ ಆಲೂರು, ಆದೋನಿ ಕಡೆಯ ಹಳ್ಳಿಗಳಲ್ಲೂ ಸಿಗುತ್ತಾರೆ. ಅವರಲ್ಲಿ ಒಬ್ಬರಾದರೂ ಇವತ್ತಲ್ಲ ನಾಳೆ ಕೇಳುವ ಪ್ರಶ್ನೆ ಇದು: "ಈ ಫೋನು ಗ್ರ್ಯಾಂಡ್‌ಮಾಸ್ಟರ್‌ಗಳನ್ನೇ ಸೋಲಿಸುತ್ತದಂತೆ. ಹಾಗಿದ್ದ ಮೇಲೆ ಇದಕ್ಕೇ ಯಾಕೆ ಆ ಬಿರುದು ಕೊಡಬಾರದು?"

ಪ್ರಶ್ನೆ ಮಕ್ಕಳದ್ದಾದರೂ ಉತ್ತರ ಅಷ್ಟು ಸುಲಭವಲ್ಲ. ಚುಟುಕಾಗಿ ಹೇಳುವುದಾದರೆ, ಆಟದ ಬಲದಲ್ಲಿ ಕಂಪ್ಯೂಟರ್ ಗ್ರ್ಯಾಂಡ್‌ಮಾಸ್ಟರ್ ಮಟ್ಟ ದಾಟಿ ದಶಕಗಳೇ ಕಳೆದಿವೆ. ಆದರೆ ಆ ಪಟ್ಟ ಅದಕ್ಕೆ ಸಿಕ್ಕಿಲ್ಲ, ಈಗಿನ ನಿಯಮದಲ್ಲಿ ಸಿಗುವಂತೆಯೂ ಇಲ್ಲ. ಯಾಕೆ ಎಂಬುದನ್ನು ತಿಳಿದರೆ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಅಂದರೆ ನಿಜಕ್ಕೂ ಏನು ಎನ್ನುವುದೂ ತಿಳಿಯುತ್ತದೆ. ಮಕ್ಕಳನ್ನು ಚೆಸ್ ಕಲಿಕೆಗೆ ಹಚ್ಚಿರುವ ಅಪ್ಪ ಅಮ್ಮಂದಿರಿಗೆ ಇದು ತಿಳಿದಿರಬೇಕಾದ ವಿಷಯ.

ಗ್ರ್ಯಾಂಡ್‌ಮಾಸ್ಟರ್ ಅಂದರೆ ಯಾರು?

ಚೆಸ್ ಆಟದ ಜಾಗತಿಕ ಸಂಸ್ಥೆ ಫಿಡೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಸಂಸ್ಥೆ 1950ರಲ್ಲಿ 27 ಆಟಗಾರರಿಗೆ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟಿತು. ಅಲ್ಲಿಂದ ಇದು ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟದ ನಂತರದ ದೊಡ್ಡ ಗೌರವ. ಒಮ್ಮೆ ಸಿಕ್ಕರೆ ಜೀವನಪರ್ಯಂತ ಇರುತ್ತದೆ. ಆಮೇಲೆ ಆಟ ಕುಸಿದರೂ ಪಟ್ಟ ಹೋಗುವುದಿಲ್ಲ.

ಸಾಮಾನ್ಯ ದಾರಿಯಲ್ಲಿ ಈ ಪಟ್ಟ ಪಡೆಯಲು ಎರಡು ಷರತ್ತುಗಳಿವೆ.

ಮೊದಲನೆಯದು, ಫಿಡೆ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು.

ಎರಡನೆಯದು, "ನಾರ್ಮ್" ಗಳಿಸಬೇಕು. ಅಂದರೆ ಒಂದು ಪಂದ್ಯಾವಳಿಯಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗೆ ತಕ್ಕ ಸಾಧನೆ ತೋರಿಸಬೇಕು. ಎಲ್ಲ ನಾರ್ಮ್‌ಗಳ ಆಟಗಳು ಸೇರಿ ಕನಿಷ್ಠ 27 ಆಗಬೇಕು. ಹಾಗಾಗಿ ಸಾಮಾನ್ಯವಾಗಿ ಮೂರು ನಾರ್ಮ್ ಬೇಕಾಗುತ್ತದೆ.

ಪ್ರತಿ ನಾರ್ಮ್‌ಗೂ ಒಳ ಷರತ್ತುಗಳಿವೆ. ಆ ಪಂದ್ಯಾವಳಿಯ ಸಾಧನೆಯ ರೇಟಿಂಗ್ 2600ಕ್ಕಿಂತ ಕಡಿಮೆ ಇರಬಾರದು. ಎದುರಾಳಿಗಳಲ್ಲಿ ಮೂರನೇ ಒಂದು ಭಾಗ, ಕನಿಷ್ಠ ಮೂವರು, ಗ್ರ್ಯಾಂಡ್‌ಮಾಸ್ಟರ್‌ಗಳೇ ಆಗಿರಬೇಕು. ಅರ್ಧದಷ್ಟು ಮಂದಿ ನಿಯಮ ಒಪ್ಪುವ ಚೆಸ್ ಪಟ್ಟ ಹೊಂದಿರಬೇಕು. ಎದುರಾಳಿಗಳ ಸರಾಸರಿ ರೇಟಿಂಗ್ 2380 ಇರಲೇಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತನ್ನ ದೇಶವಲ್ಲದೆ ಬೇರೆ ಎರಡು ದೇಶಗಳವರ ಜತೆಗೂ ಆಡಿರಬೇಕು.

ಲೆಕ್ಕ ಹೇಗೆ?

ರೇಟಿಂಗ್ ಎಂಬುದು ಹಂಗೇರಿ ಮೂಲದ ಅಮೆರಿಕನ್ ಪ್ರಾಧ್ಯಾಪಕ ಅರ್ಪಾದ್ ಎಲೋ ರೂಪಿಸಿದ ಲೆಕ್ಕ. ಫಿಡೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ರೇಟಿಂಗ್ ಸಮನಾಗಿದ್ದರೆ ಇಬ್ಬರಿಗೂ ಶೇ. 50 ಅಂಕ ಬರಬೇಕು. 200 ಅಂಕ ಮುಂದಿರುವವನಿಗೆ ಸುಮಾರು ಶೇ. 76, 400 ಅಂಕ ಮುಂದಿರುವವನಿಗೆ ಸುಮಾರು ಶೇ. 92 ಬರಬೇಕು. ಅಷ್ಟು ಬರದಿದ್ದರೆ ರೇಟಿಂಗ್ ಇಳಿಯುತ್ತದೆ, ಹೆಚ್ಚು ಬಂದರೆ ಏರುತ್ತದೆ.

ನಾರ್ಮ್‌ನ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಂಬತ್ತು ಸುತ್ತಿನ ಪಂದ್ಯಾವಳಿಯಲ್ಲಿ ಎದುರಾಳಿಗಳ ಸರಾಸರಿ 2380 ಇದ್ದರೆ 2600ರ ಸಾಧನೆಗೆ 7 ಅಂಕ ಬೇಕು. ಸರಾಸರಿ 2450 ಇದ್ದರೆ ಆರೂವರೆ ಸಾಕು. 2500 ಇದ್ದರೆ 6 ಸಾಕು. ಅಂದರೆ ಎದುರಾಳಿ ಬಲವಾದಷ್ಟೂ ಕಡಿಮೆ ಅಂಕಕ್ಕೆ ನಾರ್ಮ್ ಸಿಗುತ್ತದೆ. ಕೇಳಲು ಸಲೀಸು, ಆಡಲು ಕಷ್ಟ!

ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದೆ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 29 ವರ್ಷಗಳ ನಂತರ, 2017ರಲ್ಲಿ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ದೇಶದ 50ನೆಯವರಾಗಿ ಈ ಪಟ್ಟ ಪಡೆದರು. ಇತ್ತ ಆಂಧ್ರದಲ್ಲಿ ಗುಂಟೂರಿನ ಪೆಂಟಾಲ ಹರಿಕೃಷ್ಣ 2001ರಲ್ಲಿ, ಕೊನೇರು ಹಂಪಿ 2002ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 15ನೇ ವಯಸ್ಸಿಗೇ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಂಡರು. 2025ರ ಜುಲೈನಲ್ಲಿ ದಿವ್ಯಾ ದೇಶಮುಖ್ 88ನೆಯವರಾದರು.

ಯಂತ್ರ ಬೆಳೆದ ಬಗೆ

ಈಗ ಕಂಪ್ಯೂಟರ್‌ನತ್ತ ಬರೋಣ. ಮನುಷ್ಯರ ಪಂದ್ಯಾವಳಿಯಲ್ಲಿ ಮೊದಲು ಆಡಿದ ಕಂಪ್ಯೂಟರ್ ಪ್ರೋಗ್ರಾಂ ಅಮೆರಿಕದ ಎಂಐಟಿ ಸಂಸ್ಥೆಯ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ "ಮ್ಯಾಕ್ ಹ್ಯಾಕ್". 1967ರ ಆ ಕಾಲದಲ್ಲಿ ಅದು ಸಾಧಾರಣ ಕ್ಲಬ್ ಆಟಗಾರನಷ್ಟೇ. ಆದರೂ ಅಮೆರಿಕದ ಚೆಸ್ ಫೆಡರೇಷನ್ ಅದಕ್ಕೆ ಗೌರವ ಸದಸ್ಯತ್ವ ಕೊಟ್ಟಿತ್ತು.

1983ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಜೋ ಕಾಂಡನ್ ಕಟ್ಟಿದ "ಬೆಲ್" ಎಂಬ ಯಂತ್ರಕ್ಕೆ ಅದೇ ಫೆಡರೇಷನ್ "ಮಾಸ್ಟರ್" ಪಟ್ಟ ಕೊಟ್ಟಿತು. ಗಮನಿಸಿ, ಯಂತ್ರಕ್ಕೆ ಬಿರುದು ಸಿಕ್ಕೇ ಇಲ್ಲ ಎನ್ನುವುದು ತಪ್ಪು. ಆದರೆ ಅದು ಒಂದು ದೇಶದ ಒಳಗಿನ ಪಟ್ಟ, ಫಿಡೆಯದ್ದಲ್ಲ.

1988ರಲ್ಲಿ ಅಮೆರಿಕದ ಲಾಂಗ್ ಬೀಚ್ ಪಂದ್ಯಾವಳಿಯಲ್ಲಿ "ಡೀಪ್ ಥಾಟ್" ಎಂಬ ಯಂತ್ರ ಡೆನ್ಮಾರ್ಕಿನ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್ ಅವರನ್ನು ಸೋಲಿಸಿತು. ಕೊನೆಗೆ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಟೋನಿ ಮೈಲ್ಸ್ ಜತೆ ಮೊದಲ ಸ್ಥಾನ ಹಂಚಿಕೊಂಡಿತು. ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಅವರಿಗಿಂತ ಮುಂದೆ! ಆದರೆ ನಿಯಮದ ಪ್ರಕಾರ ಯಂತ್ರಕ್ಕೆ ಬಹುಮಾನದ ಹಣ ಇರಲಿಲ್ಲ. ಮೊದಲ ಬಹುಮಾನ ಮೈಲ್ಸ್ ಪಾಲಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಈ ಯಂತ್ರ ಕಟ್ಟಿದ ತಂಡದಲ್ಲಿ ಭಾರತೀಯ ಮೂಲದ ಥಾಮಸ್ ಅನಂತರಾಮನ್ ಕೂಡ ಇದ್ದರು.

ಅದೇ ಯಂತ್ರದ ಮುಂದಿನ ಪೀಳಿಗೆಯೇ ಐಬಿಎಂನ "ಡೀಪ್ ಬ್ಲೂ". 1996ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅದನ್ನು 4-2ರಿಂದ ಸೋಲಿಸಿದರು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಅದು ಕಾಸ್ಪರೋವ್ ಅವರನ್ನು ಮೂರೂವರೆ-ಎರಡೂವರೆ ಅಂಕಗಳಿಂದ ಮಣಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿದ್ದ ದೈತ್ಯ ಅದು.

ನಮ್ಮ ಆನಂದ್ ಕೂಡ 1998ರಲ್ಲಿ ಇಟಲಿಯ ಇಶಿಯಾ ದ್ವೀಪದಲ್ಲಿ "ರೆಬೆಲ್ 10" ಎಂಬ ಪ್ರೋಗ್ರಾಂ ಎದುರು ಎಂಟು ಆಟ ಆಡಿದರು. ಒಟ್ಟಾರೆ 5-3ರಿಂದ ಯಂತ್ರ ಗೆದ್ದಿತು. ಆದರೆ ವೇಗದ ಆಟಗಳನ್ನು ಬಿಟ್ಟು ಪೂರ್ಣ ಸಮಯದ ಎರಡು ಆಟಗಳನ್ನಷ್ಟೇ ನೋಡಿದರೆ ಆನಂದ್‌ಗೆ ಒಂದೂವರೆ, ಯಂತ್ರಕ್ಕೆ ಅರ್ಧ ಅಂಕ. ಯೋಚಿಸಲು ಸಮಯ ಇದ್ದಾಗ ಮನುಷ್ಯ ಇನ್ನೂ ಗೆಲ್ಲಬಲ್ಲವನಾಗಿದ್ದ ಕೊನೆಯ ವರ್ಷಗಳು ಅವು. 2005ರಲ್ಲಿ "ಹೈಡ್ರಾ" ಯಂತ್ರ ಲಂಡನ್‌ನಲ್ಲಿ ಮೈಕೆಲ್ ಆಡಮ್ಸ್ ಅವರನ್ನು ಐದೂವರೆ-ಅರ್ಧದಿಂದ ಸೋಲಿಸಿತು. 2006ರಲ್ಲಿ ಬಾನ್‌ನಲ್ಲಿ "ಡೀಪ್ ಫ್ರಿಟ್ಜ್" ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧ 4-2ರಿಂದ ಗೆದ್ದಿತು. ಅಲ್ಲಿಗೆ ಪೈಪೋಟಿ ಹೆಚ್ಚುಕಡಿಮೆ ಮುಗಿದಂತೆಯೇ.

ಜೇಬಿನಲ್ಲಿದ್ದ ಗ್ರ್ಯಾಂಡ್‌ಮಾಸ್ಟರ್

ನಮ್ಮ ಹುಡುಗರ ಪ್ರಶ್ನೆಗೆ ತೀರಾ ಹತ್ತಿರದ ಘಟನೆ ನಡೆದದ್ದು 2009ರ ಆಗಸ್ಟ್‌ನಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಕೋಪಾ ಮೆರ್ಕೊಸುರ್ ಪಂದ್ಯಾವಳಿಯಲ್ಲಿ "ಪಾಕೆಟ್ ಫ್ರಿಟ್ಜ್ 4" ಎಂಬ ಪ್ರೋಗ್ರಾಂ ಒಂದು ಎಚ್‌ಟಿಸಿ ಮೊಬೈಲ್ ಫೋನಿನ ಮೇಲೆ ಆಡಿತು. ಹತ್ತು ಆಟ, ಒಂಬತ್ತು ಗೆಲುವು, ಒಂದು ಡ್ರಾ. ಸಾಧನೆಯ ರೇಟಿಂಗ್ 2898!

ಅದು ಸೆಕೆಂಡಿಗೆ ನೋಡುತ್ತಿದ್ದದ್ದು 20 ಸಾವಿರಕ್ಕಿಂತ ಕಡಿಮೆ ಸ್ಥಿತಿಗಳನ್ನು. ಡೀಪ್ ಬ್ಲೂ ಮುಂದೆ ಹೋಲಿಸಿದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಹನ್ನೆರಡೇ ವರ್ಷದಲ್ಲಿ ಪ್ರೋಗ್ರಾಂ ಬರೆಯುವ ಜಾಣ್ಮೆ ಅಷ್ಟು ಬೆಳೆದಿತ್ತು.

ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ ಬೇಕಾದದ್ದು 2600, ಫೋನು ತೋರಿಸಿದ್ದು 2898. ಹಾಗಿದ್ದರೂ ಪಟ್ಟ ಯಾಕಿಲ್ಲ?

ಯಂತ್ರ ಎಲ್ಲಿ ಅನುತ್ತೀರ್ಣ?

1. ನೋಂದಣಿ. ಫಿಡೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ, ಹುಟ್ಟಿದ ವರ್ಷ ಮತ್ತು ಒಂದು ದೇಶದ ಫೆಡರೇಷನ್ ಇರುತ್ತದೆ. ಯಂತ್ರ ಯಾವ ದೇಶದ್ದು? ಪ್ರೋಗ್ರಾಂ ಬರೆದವನದೋ, ಫೋನು ತಯಾರಿಸಿದವನದೋ? ಎದುರಾಳಿಗಳು "ಬೇರೆ ದೇಶದವರು" ಎಂದು ಹೇಳಬೇಕಾದರೆ ಮೊದಲು ತನ್ನದೊಂದು ದೇಶ ಇರಬೇಕಲ್ಲ.

2. ಟಿಪ್ಪಣಿ ನೋಡುವಂತಿಲ್ಲ. ಆಟ ನಡೆಯುವಾಗ ಯಾವುದೇ ಬರಹ, ಮಾಹಿತಿ, ಸಲಹೆ ಬಳಸಬಾರದು ಎಂಬುದು ಚೆಸ್‌ನ ಮೂಲ ನಿಯಮ. ಯಂತ್ರಗಳು ಸಾಮಾನ್ಯವಾಗಿ ಆರಂಭದ ನಡೆಗಳ ದೊಡ್ಡ ಸಂಗ್ರಹವನ್ನೇ ಹೊತ್ತು ಬರುತ್ತವೆ. ಕೊನೆಯಾಟಕ್ಕೆ ಸಿದ್ಧ ಕೋಷ್ಟಕಗಳೂ ಇವೆ. ಮಾಸ್ಕೋ ವಿಶ್ವವಿದ್ಯಾಲಯದ ಗಣಕದಲ್ಲಿ 2012ರಲ್ಲಿ ಪೂರ್ಣಗೊಂಡ ಏಳು ಕಾಯಿಗಳ ಲೊಮೊನೊಸೊವ್ ಕೋಷ್ಟಕದ ಗಾತ್ರ ಸುಮಾರು 140 ಟೆರಾಬೈಟ್. ಇದು ನೆನಪೋ, ನಕಲು ಚೀಟಿಯೋ? ಯಂತ್ರದ ಪರವಾಗಿ ವಾದಿಸುವವರು ನೆನಪು ಎನ್ನುತ್ತಾರೆ. ಮನುಷ್ಯ ಅದನ್ನೇ ಜೇಬಿನಲ್ಲಿ ತಂದರೆ ಹೊರಗೆ ಹಾಕುತ್ತಾರೆ.

3. ಆಟಗಾರ ಯಾರು? ಪಟ್ಟ ಜೀವನಪರ್ಯಂತದ್ದು ಎಂದೆವು. 1996ರಲ್ಲಿ ಸೋತ ಡೀಪ್ ಬ್ಲೂ ಮತ್ತು 1997ರಲ್ಲಿ ಗೆದ್ದ ಡೀಪ್ ಬ್ಲೂ ಹೆಸರಿಗೆ ಒಂದೇ, ನಡುವೆ ಅದರ ಚಿಪ್ಪು, ಪ್ರೋಗ್ರಾಂ ಎಲ್ಲ ಬದಲಾಗಿತ್ತು. ಒಂದೇ ಪ್ರೋಗ್ರಾಂ ಅನ್ನು ಹಳೆಯ ಫೋನಿಗೆ ಹಾಕಿದರೆ ಒಂದು ಬಲ, ಹೊಸ ಕಂಪ್ಯೂಟರಿಗೆ ಹಾಕಿದರೆ ಇನ್ನೊಂದು ಬಲ. ಪಟ್ಟ ಯಾವುದಕ್ಕೆ? ಅದರ ಸಾವಿರ ಪ್ರತಿ ಮಾಡಿದರೆ ಸಾವಿರ ಗ್ರ್ಯಾಂಡ್‌ಮಾಸ್ಟರ್‌ಗಳೇ?

4. ಆಟಗಳ ಸಂಖ್ಯೆ. ಡೀಪ್ ಬ್ಲೂ ಎರಡು ಪಂದ್ಯ ಸೇರಿ ಕಾಸ್ಪರೋವ್ ಜತೆ ಆಡಿದ್ದು 12 ಆಟ. ಗೆದ್ದ ಮೇಲೆ ಐಬಿಎಂ ಅದನ್ನು ನಿವೃತ್ತಿಗೊಳಿಸಿತು. ನಾರ್ಮ್‌ಗೆ ಬೇಕಾದ 27 ಆಟಗಳನ್ನು, ಬೇರೆ ಬೇರೆ ದೇಶಗಳ ಬೇರೆ ಬೇರೆ ಎದುರಾಳಿಗಳೊಂದಿಗೆ, ಅದು ಆಡಲೇ ಇಲ್ಲ.

5. ಅಳತೆಗೋಲು ಸಾಲದು. ಈಗಿನ ಬಲಶಾಲಿ ಪ್ರೋಗ್ರಾಂ "ಸ್ಟಾಕ್‌ಫಿಶ್"ಗೆ ಕಂಪ್ಯೂಟರ್ ಪಟ್ಟಿಗಳಲ್ಲಿ 3600ರ ಆಸುಪಾಸಿನ ರೇಟಿಂಗ್ ಕೊಡುತ್ತಾರೆ. ಮನುಷ್ಯರಲ್ಲಿ ಅತಿ ಹೆಚ್ಚು ಎಂದರೆ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಕಂಪ್ಯೂಟರ್ ಪಟ್ಟಿ ಯಂತ್ರ ಯಂತ್ರಗಳ ನಡುವಿನ ಲೆಕ್ಕ, ಫಿಡೆ ಪಟ್ಟಿ ಮನುಷ್ಯ ಮನುಷ್ಯರ ನಡುವಿನ ಲೆಕ್ಕ. ಎರಡು ಊರಿನ ಸೇರು ಬೇರೆ ಬೇರೆ ಅಳತೆಯದಾಗಿದ್ದರೆ ಜೋಳ ಎಷ್ಟೆಂದು ಹೋಲಿಸುವುದು ಹೇಗೆ? ಇನ್ನೂ ಒಂದು ವಿಷಯ. ಸ್ಟಾಕ್‌ಫಿಶ್ ಒಂಬತ್ತಕ್ಕೆ ಒಂಬತ್ತೂ ಗೆದ್ದರೂ ಫಿಡೆ ಸೂತ್ರ ಎದುರಾಳಿಗಳ ಸರಾಸರಿಗೆ 800 ಅಂಕವನ್ನಷ್ಟೇ ಸೇರಿಸುತ್ತದೆ. 2380 ಸರಾಸರಿಗೆ 3180, ಅಲ್ಲಿಗೆ ಮುಗಿಯಿತು. ಎಂದೂ ಸೋಲದವನನ್ನು ಅಳೆಯಲು ಆ ಸೂತ್ರ ಹುಟ್ಟಿಲ್ಲ.

ಬೇರೆ ಆಟದಲ್ಲಿ ಕೊಟ್ಟಿದ್ದಾರಲ್ಲ!

ಹೌದು. ಚೀನಾ, ಕೊರಿಯಾ, ಜಪಾನ್‌ಗಳಲ್ಲಿ ಜನಪ್ರಿಯವಾದ "ಗೋ" ಆಟದಲ್ಲಿ 2016ರ ಮಾರ್ಚ್‌ನಲ್ಲಿ ಗೂಗಲ್ ಒಡೆತನದ ಡೀಪ್‌ಮೈಂಡ್‌ನ "ಆಲ್ಫಾಗೋ" ಪ್ರೋಗ್ರಾಂ ಲೀ ಸೆಡಾಲ್ ಅವರನ್ನು 4-1ರಿಂದ ಸೋಲಿಸಿತು. ಆಗ ಕೊರಿಯಾದ ಗೋ ಸಂಸ್ಥೆ ಅದಕ್ಕೆ ಅತ್ಯುನ್ನತವಾದ 9 ದಾನ್ ಗೌರವ ಪಟ್ಟ ಕೊಟ್ಟಿತು. ಇಲ್ಲಿ "ಗೌರವ" ಎಂಬ ಪದವನ್ನು ಗಮನಿಸಬೇಕು. ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಡುವಂತೆ ಅದು. ಪರೀಕ್ಷೆ ಬರೆದು ಪಡೆದದ್ದಲ್ಲ.

ಅಂಚೆ ಚೆಸ್‌ನ ಕಥೆ ಇನ್ನೊಂದು ಬಗೆಯದು. ದಿನಗಟ್ಟಲೆ ಯೋಚಿಸಿ ನಡೆ ಕಳಿಸುವ ಈ ಆಟಕ್ಕೆ ಬೇರೆಯೇ ಜಾಗತಿಕ ಸಂಸ್ಥೆ ಇದೆ, ಅದರ ಗ್ರ್ಯಾಂಡ್‌ಮಾಸ್ಟರ್ ಪಟ್ಟವೂ ಬೇರೆ. ಅಲ್ಲಿ ಕಂಪ್ಯೂಟರ್ ಬಳಸಲು ಅವಕಾಶವಿದೆ. ಆದರೂ ಪಟ್ಟ ಸಿಗುವುದು ಮನುಷ್ಯನಿಗೇ. ಎಲ್ಲರ ಬಳಿಯೂ ಯಂತ್ರ ಇರುವುದರಿಂದ ಮೇಲಿನ ಹಂತಗಳಲ್ಲಿ ಹೆಚ್ಚಿನ ಆಟಗಳು ಡ್ರಾ ಆಗುತ್ತಿವೆ.

ಯಂತ್ರ ಕದ್ದು ಒಳಬಂದಾಗ

ಯಂತ್ರಕ್ಕೆ ಪಟ್ಟ ಇಲ್ಲ ಎಂಬ ನಿಯಮ ಕಾಗದದ ಮೇಲಿನ ತರ್ಕ ಮಾತ್ರವಲ್ಲ. ಅದನ್ನು ಮುರಿದವರಿಂದ ನಿಜವಾದ ಆಟಗಾರರಿಗೆ ಅನ್ಯಾಯವಾಗಿದೆ. 2006ರಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬ ಟೋಪಿಯಲ್ಲಿ ಬ್ಲೂಟೂತ್ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದ. ಅಖಿಲ ಭಾರತ ಚೆಸ್ ಫೆಡರೇಷನ್ ಅವನನ್ನು 10 ವರ್ಷ ನಿಷೇಧಿಸಿತು. 2019ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ಶೌಚಾಲಯದಲ್ಲಿ ಫೋನು ಬಳಸಿದ್ದು ಬಯಲಾಯಿತು, ಅವರೂ ಒಪ್ಪಿಕೊಂಡರು. ಫಿಡೆ ಅವರ ಗ್ರ್ಯಾಂಡ್‌ಮಾಸ್ಟರ್ ಪಟ್ಟವನ್ನೇ ಕಿತ್ತುಕೊಂಡು ಆರು ವರ್ಷ ನಿಷೇಧ ಹೇರಿತು.

ಇದರ ಅರ್ಥ ಏನು? ನಡೆಗಳು ಎಷ್ಟೇ ಚೆನ್ನಾಗಿರಲಿ, ಅವು ಕುರ್ಚಿಯಲ್ಲಿ ಕೂತವನ ತಲೆಯಿಂದ ಬಂದಿರಬೇಕು. ಪಟ್ಟ ಇರುವುದು ನಡೆಗಲ್ಲ, ಆ ನಡೆಯನ್ನು ಗಡಿಯಾರದ ಒತ್ತಡದಲ್ಲಿ, ನಿದ್ದೆಗೆಟ್ಟು, ಸೋತ ಮರುದಿನವೂ ಬಂದು ಕೂತು ಕಂಡುಕೊಂಡ ಮನುಷ್ಯನಿಗೆ.

ಆಲೂರಿನ ಮಕ್ಕಳಿಗೆ ಇದರಿಂದ ಏನು?

ಇಲ್ಲಿಯೇ ಇರುವುದು ಮುಖ್ಯ ಮಾತು. ಹಿಂದೆ ಸಣ್ಣ ಊರಿನ ಮಗುವಿಗೆ ಎರಡು ಕೊರತೆ ಇದ್ದವು. ಹೇಳಿಕೊಡುವ ಬಲ್ಲವರು ಇರಲಿಲ್ಲ, ಆಡಲು ಬಲವಾದ ಎದುರಾಳಿಗಳೂ ಇರಲಿಲ್ಲ. ಮೊದಲ ಕೊರತೆಯನ್ನು ಯಂತ್ರ ಬಹುಮಟ್ಟಿಗೆ ನೀಗಿಸಿದೆ. ವಿಶ್ವ ಚಾಂಪಿಯನ್ನನೂ ಬಳಸುವ ಸ್ಟಾಕ್‌ಫಿಶ್ ಉಚಿತ. ಬೆಂಗಳೂರಿನ ಮಗುವಿಗೂ ಆಲೂರಿನ ಮಗುವಿಗೂ ಅದು ತೋರಿಸುವ ನಡೆ ಒಂದೇ.

ಎರಡನೆಯ ಕೊರತೆ ಹಾಗೆಯೇ ಉಳಿದಿದೆ. ಫೋನಿನ ಮೇಲೆ ಸಾವಿರ ಆಟ ಗೆದ್ದರೂ ಫಿಡೆ ರೇಟಿಂಗ್‌ಗೆ ಅದು ಸೊನ್ನೆ. ಮೊದಲ ರೇಟಿಂಗ್ ಬರಬೇಕಾದರೆ ಮಾನ್ಯತೆ ಪಡೆದ ಪಂದ್ಯಾವಳಿಗಳಲ್ಲಿ, ಈಗಾಗಲೇ ರೇಟಿಂಗ್ ಇರುವ ಕನಿಷ್ಠ ಐವರ ಎದುರು ಕೂತು ಆಡಬೇಕು. ಅದಕ್ಕೆ ಬಸ್ಸು ಹತ್ತಬೇಕು, ಪ್ರವೇಶ ಶುಲ್ಕ ಕಟ್ಟಬೇಕು, ಜತೆಗೆ ಹೋಗುವವರು ಒಂದೆರಡು ದಿನದ ಕೆಲಸ ಬಿಡಬೇಕು. ನಾರ್ಮ್ ಮಟ್ಟ ಮುಟ್ಟಿದ ಮೇಲಂತೂ ಪರದೇಶದ ಪ್ರಯಾಣ. ಯಂತ್ರ ಈ ಖರ್ಚನ್ನು ಒಂದು ರೂಪಾಯಿಯಷ್ಟೂ ಇಳಿಸಿಲ್ಲ.

ನಮ್ಮ ಭಾಗದವರು ಇನ್ನೊಂದು ವಿಷಯ ತಿಳಿದಿರಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಇತ್ತ ಸೇರಿದವು, ಬಳ್ಳಾರಿ ಅತ್ತ ಮೈಸೂರಿಗೆ ಹೋಯಿತು. ಮನೆಮಾತು ಕನ್ನಡವೇ ಆದರೂ ಇಲ್ಲಿನ ಮಗು ರಾಜ್ಯ ತಂಡಕ್ಕೆ ಆಯ್ಕೆಯಾಗಬೇಕಾದರೆ ಆಂಧ್ರದ ಲೆಕ್ಕದಲ್ಲೇ ಆಡಬೇಕು. ಆದರೆ ಫಿಡೆ ರೇಟಿಂಗ್ ಇರುವ ಮುಕ್ತ ಪಂದ್ಯಾವಳಿ ಬಳ್ಳಾರಿಯಲ್ಲಿ ನಡೆದರೂ ಕರ್ನೂಲಿನಲ್ಲಿ ನಡೆದರೂ ಅಂಕ ಒಂದೇ. ಹತ್ತಿರ ಯಾವುದೋ ಅಲ್ಲಿಗೆ ಹೋಗಬಹುದು.

ಎಂಜಿನ್ ಬಳಸುವವರಿಗೆ ಒಂದು ಕಿವಿಮಾತು. 2024ರ ಡಿಸೆಂಬರ್‌ನಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ರೇಟಿಂಗ್ 2500ರ ಹತ್ತಿರ ಬರುವವರೆಗೆ ಎಂಜಿನ್ ಮುಟ್ಟಿರಲಿಲ್ಲ. ತರಬೇತುದಾರ ವಿಷ್ಣು ಪ್ರಸನ್ನ ಬೇಕೆಂದೇ ಹಾಗೆ ಬೆಳೆಸಿದರು. ಎಲ್ಲರೂ ಹಾಗೆಯೇ ಮಾಡಬೇಕೆಂದಲ್ಲ. ಆದರೆ ಮೊದಲು ಸ್ವಂತ ತಲೆಯಿಂದ ಲೆಕ್ಕ ಹಾಕಿ, ಉತ್ತರ ಬರೆದಿಟ್ಟು, ಆಮೇಲೆ ಯಂತ್ರವನ್ನು ಕೇಳುವ ಅಭ್ಯಾಸ ಒಳ್ಳೆಯದು. ಉತ್ತರ ಮೊದಲೇ ನೋಡಿ ಗಣಿತ ಕಲಿತವರಿಲ್ಲ.

ಕೊನೆಗೊಂದು ಮಾತು

ಎತ್ತಿನ ಗಾಡಿಗಿಂತ ಲಾರಿ ಹೆಚ್ಚು ಭಾರ ಎಳೆಯುತ್ತದೆ. ಹಾಗೆಂದು ಜಾತ್ರೆಯಲ್ಲಿ ಕಲ್ಲು ಎಳೆಯುವ ಎತ್ತುಗಳ ಸ್ಪರ್ಧೆಗೆ ಯಾರೂ ಲಾರಿ ತರುವುದಿಲ್ಲ, ಲಾರಿಗೆ ಹೂವಿನ ಹಾರವನ್ನೂ ಹಾಕುವುದಿಲ್ಲ. ಗ್ರ್ಯಾಂಡ್‌ಮಾಸ್ಟರ್ ಪಟ್ಟದ ಮಾತೂ ಅಷ್ಟೇ. ಕಂಪ್ಯೂಟರ್‌ಗೆ ಅದು ಬೇಕಾಗಿಯೂ ಇಲ್ಲ. ಬೇಕಾಗಿರುವುದು ಫೋನಿನ ಮುಂದೆ ಕೂತು ಸೋತು ಸೋತು ಕಲಿಯುತ್ತಿರುವ ಹುಡುಗಿಗೆ. ಅವಳನ್ನು ಒಮ್ಮೆಯಾದರೂ ನಿಜವಾದ ಎದುರಾಳಿಯ ಮುಂದೆ ಕೂರಿಸುವುದು ನಮ್ಮ ನಿಮ್ಮ ಕೈಯಲ್ಲಿದೆ.